ಆಯಿಯ ಹಾವು, ನನ್ನ ಅಳತೆ

ಹತ್ತಿಮತ್ತೂರಿನ ಸೂಲಗಿತ್ತಿ ಆಯಿ ಹೋದ ತಿಂಗಳು ತೀರಿಕೊಂಡಳು. ನಾನು ಈಗಿರುವ ಆಡೂರಿಗೆ ಆ ಸುದ್ದಿ ಬರಲು ಇಪ್ಪತ್ತು ದಿನ ಹಿಡಿಯಿತು, ಹೀಗಾಗಿ ಮಣ್ಣಿಗೆ ಹೋಗುವುದೂ ಆಗಲಿಲ್ಲ. ಸುದ್ದಿ ಕೇಳಿದ ದಿನ ನಾಲ್ಕನೇ ಇಯತ್ತೆಯ ಹುಡುಗರಿಗೆ ಒಂದೇ ಲೆಕ್ಕವನ್ನು ಎರಡು ಸಲ ಹೇಳಿದೆ. ಅವರು ಪಾಪ, ಮಾತಾಡದೆ ಎರಡು ಸಲ ಬಿಡಿಸಿದರು.

ಆಕೆಗೊಂದು ಹೆಸರಿತ್ತು. ಊರಲ್ಲಿ ಯಾರೂ ಅದನ್ನು ಬಳಸುತ್ತಿರಲಿಲ್ಲವಾದ್ದರಿಂದ ನಾನೂ ಬರೆಯುವುದಿಲ್ಲ. ಗೌಡರಿಂದ ಹಿಡಿದು ಮೊನ್ನೆ ಮಾತು ಕಲಿತ ಕೂಸಿನವರೆಗೆ ಎಲ್ಲರಿಗೂ ಆಕೆ ಆಯಿ. ಊರಿನ ಅರ್ಧ ಮಂದಿ ಆಕೆಯ ಕೈಯಲ್ಲೇ ಈ ಲೋಕಕ್ಕೆ ಬಂದವರು. ಅವರು ಬರೆಯಲು ಕೂತರೆ ನನಗಿಂತ ಚೆನ್ನಾಗಿ ಬರೆದಾರು. ನನ್ನ ಪಾಲಿಗೆ ಆಕೆ ಹಾವು ಸಾಕಿದ ಹೆಂಗಸು; ಆ ಹಾವಿಗೆ ಎಷ್ಟು ದೊಡ್ಡ ಇಲಿ ಹಾಕಬೇಕೆಂಬುದನ್ನು ನನ್ನಂಥವನಿಗೆ ಕಲಿಸಲು ಹೋಗಿ ತನ್ನ ಹೆಸರು ಕೆಡಿಸಿಕೊಂಡವಳು.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮೊದಲು ಧಾರವಾಡದಲ್ಲಿ ಮಾಸ್ತರಿಕೆಯ ತರಬೇತಿ ಮುಗಿಸಿಕೊಂಡು ನಾನು ಹತ್ತಿಮತ್ತೂರಿಗೆ ಹೋದೆ. ಕಿಸೆಯಲ್ಲಿ ಅಳತೆಯ ಪಟ್ಟಿ, ತಲೆಯಲ್ಲಿ ಶಾಸ್ತ್ರ. ಅಲ್ಲಿಗೆ ಹೋದ ಮೊದಲ ತಿಂಗಳಲ್ಲೇ ಸಾಲೆಗೆ ಒಂದು ಕಟ್ಟಿಗೆಯ ಕಪಾಟು ಬಂತು. ನಾನು ಬಾಗಿಲನ್ನು ಅಳೆದೆ, ಕಪಾಟನ್ನು ಅಳೆದೆ, ಅರ್ಧ ಇಂಚು ಉಳಿಯುತ್ತದೆಂದು ಸಾರಿದೆ. ನಾಲ್ವರು ಆಳುಗಳು ಕಪಾಟು ಹೊತ್ತು ಬಾಗಿಲ ಹತ್ತಿರ ಬಂದಾಗ, ಬಗಲಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡು ಹೊರಟಿದ್ದ ಎತ್ತರದ ಮುದುಕಿಯೊಬ್ಬಳು ನಿಂತು ನೋಡಿದಳು.

“ಹೋಗಂಗಿಲ್ಲರಿ, ಮಾಸ್ತರ,” ಎಂದಳು.

“ಅಳತಿ ತಗೊಂಡೇನಿ, ಆಯಿ. ಅರ್ಧ ಇಂಚು ಉಳೀತೈತಿ.”

ಆಕೆ ಎಲೆ-ತಂಬಾಕು ಅಗಿಯುತ್ತ ಹೊರಟುಹೋದಳು. ಕಪಾಟು ಬಾಗಿಲ ನಡುವೆ ಸಿಕ್ಕಿಕೊಂಡು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಮೂರು ದಿನ ಹುಡುಗರು ಅದರ ಕೆಳಗೆ ನುಸುಳಿ ಸಾಲೆಗೆ ಬಂದರು. ನಾನೂ ನುಸುಳಿದೆ, ರುಮಾಲು ಕೈಯಲ್ಲಿ ಹಿಡಿದುಕೊಂಡು. ಮೂರನೆಯ ದಿನ ಆಕೆ ಮತ್ತೆ ಆ ದಾರಿಯಲ್ಲಿ ಬಂದಳು. “ಕಾಲು ಮುಂದ ಮಾಡಿ ತರಾಕತ್ತೀರಿ. ಹಿಂದಕ್ಕ ದೂಡ್ರಿ, ತಲಿ ಮುಂದ ಮಾಡ್ರಿ, ಆಮ್ಯಾಲೆ ಮಗ್ಗಲಾ ತಿರುವ್ರಿ,” ಎಂದಳು. ಹಾಗೆ ಮಾಡಿದೆವು. ಕಪಾಟು ಒಳಗೆ ಹೋಯಿತು. ಇದು ಯಾವ ಶಾಸ್ತ್ರವೆಂದು ಕೇಳಿದರೆ, “ದಿನಾ ಮಾಡೂ ಕೆಲಸರಿ,” ಎಂದಳು. ಹೀಗೆ ಆಕೆಗೂ ನನಗೂ ಪರಿಚಯವಾಯಿತು.

ಆಕೆಗೊಂದು ರೂಢಿಯಿತ್ತು. ಹೆಬ್ಬೆರಳು, ತೋರುಬೆರಳು ಕೂಡಿಸಿ ಬಳೆಯಂತೆ ಮಾಡಿ ಕಂಡ ವಸ್ತುವನ್ನೆಲ್ಲ ಅದರಲ್ಲಿ ಹಿಡಿದು ನೋಡುತ್ತಿದ್ದಳು. ಸಂತೆಯಲ್ಲಿ ಬದನೆಕಾಯಿ, ಕರುವಿನ ಕೊರಳ ಹಗ್ಗ, ಹೊಸ ಮದುಮಗಳ ಮುಂಗೈ, ಏನಿದ್ದರೂ ಸರಿ. ಹಿಡಿದು ನೋಡಿ “ಆಕ್ಕತಿ” ಎನ್ನುತ್ತಿದ್ದಳು ಅಥವಾ “ಆಗಂಗಿಲ್ಲ” ಎನ್ನುತ್ತಿದ್ದಳು. ನಡುವಿನ ಮಾತೇ ಇರಲಿಲ್ಲ. ಉಣ್ಣಲು ಕುಳಿತವರಿಗೆ ಬೇಡವೆಂದರೂ ಇನ್ನೊಂದು ಹೋಳಿಗೆ ನೂಕುವುದು ನಮ್ಮ ಕಡೆಯ ಮರ್ಯಾದೆ. ಆಯಿಗೆ ಅದನ್ನು ಕಂಡರಾಗದು. “ಕಣ್ಣು ದೊಡ್ಡೂ ಇರ್ತಾವ, ಗಂಟಲಾ ಸಣ್ಣದು ಇರ್ತೈತಿ. ಯಾರ ಗಂಟಲಾ ಎಷ್ಟು ಅಂತ ನೋಡಿ ಬಡಸ್ಬೇಕು,” ಎನ್ನುತ್ತಿದ್ದಳು. ಆದರೂ ಮದುವೆ ಮನೆಯಲ್ಲಿ ಆಕೆಯ ಎಲೆಗೆ ಎಲ್ಲರಿಗಿಂತ ಹೆಚ್ಚು ಹೋಳಿಗೆ ಬೀಳುತ್ತಿದ್ದವು, ಆಕೆ ಅವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಯಾವುದಾದರೂ ಬಾಣಂತಿಯ ಮನೆಯ ಹುಡುಗರಿಗೆ ಹಂಚುತ್ತಿದ್ದಳು.

ಹಾವು ಸಿಕ್ಕಿದ್ದು ಹಗೇವಿನಲ್ಲಿ. ನಮ್ಮ ಕಡೆ ನೆಲದಲ್ಲಿ ಬಾವಿಯಂತೆ ತೋಡಿ, ಒಳಗೆ ಜೋಳ ತುಂಬಿ ಬಾಯಿ ಮುಚ್ಚಿಡುತ್ತಾರೆ. ಗೌಡರ ಮನೆಯ ಹಗೇವು ತೆಗೆದ ದಿನ ಒಳಗಿಳಿದ ಆಳು ಎರಡು ತಲೆಯ ಹಾವು ಎಂದು ಕೂಗುತ್ತ ಹಗ್ಗವನ್ನೂ ಹಿಡಿಯದೆ ಮೇಲೆ ಬಂದಿದ್ದನಂತೆ. ಮಣ್ಣುಮುಕ್ಕ ಹಾವು ಅದು. ಮೊಂಡ ಬಾಲ ತಲೆಯಂತೆಯೇ ಕಾಣುತ್ತದೆ. ಅದು ನೆಕ್ಕಿದರೆ ಕುಷ್ಠ ಬರುತ್ತದೆಂದು ಊರೆಲ್ಲ ನಂಬಿತ್ತು. ಕೋಲು ತರುವಷ್ಟರಲ್ಲಿ ಆಯಿ ಅದನ್ನು ಎತ್ತಿ ಸೆರಗಿನಲ್ಲಿ ಹಾಕಿಕೊಂಡು ಮನೆಗೆ ಒಯ್ದಳು. ದನಕ್ಕೆ ಮುಸುರೆ ಇಡುವ ಅಗಲ ಬಾಯಿಯ ಮಣ್ಣಿನ ಬಾನಿಯಲ್ಲಿ ಅರ್ಧದವರೆಗೆ ಮರಳು ತುಂಬಿ, ಅದರಲ್ಲಿ ಬಿಟ್ಟು, ಮೇಲೆ ಬುಟ್ಟಿ ಮುಚ್ಚಿ, ಬುಟ್ಟಿಯ ಮೇಲೊಂದು ಕಲ್ಲು ಇಟ್ಟಳು. ಆಕೆಗೆ ಗಂಡುಮಕ್ಕಳಿರಲಿಲ್ಲ. ಇದ್ದೊಬ್ಬ ಮಗಳನ್ನು ಹಿರೇಕೆರೂರಿಗೆ ಕೊಟ್ಟಿದ್ದಳು. ಹಾವನ್ನು ಸೊಸೆಯೆಂದು ಕರೆಯುತ್ತಿದ್ದಳು. “ಮಾತಿಗೆ ಮಾತು ಕೊಡಂಗಿಲ್ಲ, ಕೊಟ್ಟದ್ದು ಉಣ್ತಾಳ, ಇಂಥಾ ಸೊಸಿ ಯಾರಿಗೆ ಸಿಗ್ತಾಳರಿ?” ಒಂದು ಬೇಸಿಗೆಯಲ್ಲಿ ಸೊಸೆ ಬಾನಿಯಿಂದ ಕಾಣೆಯಾಗಿ, ಹದಿನೈದು ದಿನದ ಮೇಲೆ ಹಿತ್ತಿಲ ಕಟ್ಟಿಗೆಯ ರಾಶಿಯಲ್ಲಿ ಸಿಕ್ಕಿತು. ತವರುಮನೆಗೆ ಹೋಗಿ ಬಂದಳೆಂದು ಆಯಿ ಎಲ್ಲರಿಗೂ ಹೇಳಿ ನಕ್ಕಳು.

ಹಾವಿಗೆ ಎಂಟು-ಹತ್ತು ದಿನಕ್ಕೊಂದು ಇಲಿ. ಆಯಿ ಬೋನಿನಲ್ಲಿ ಬಿದ್ದ ಇಲಿಯ ಬಾಲ ಹಿಡಿದೆತ್ತಿ, ಬೆರಳಿನ ಬಳೆಯಲ್ಲಿ ಅದರ ನಡುವನ್ನು ಹಿಡಿದು ನೋಡಿ, ಆಮೇಲೆ ಹಾವಿನ ನಡುವನ್ನು ಹಿಡಿದು ನೋಡುತ್ತಿದ್ದಳು. ದೊಡ್ಡದಾದರೆ ಬೆಕ್ಕಿಗೆ.

ಈಗ ನನ್ನ ಪ್ರತಾಪಕ್ಕೆ ಬರುತ್ತೇನೆ. ಒಂದು ಸಂಜೆ ಚಾವಡಿಯಲ್ಲಿ ಮಂದಿ ಎರಡು ತಲೆಯ ಹಾವಿನ ಮಾತು ತೆಗೆದರು. ನಾನು ಎದ್ದುನಿಂತು ಮುಕ್ಕಾಲು ತಾಸು ಭಾಷಣ ಮಾಡಿದೆ. ಅದಕ್ಕೆ ಒಂದೇ ತಲೆ, ವಿಷವಿಲ್ಲ, ನೆಕ್ಕಿದರೆ ಏನೂ ಆಗುವುದಿಲ್ಲ, ಓದಿದವನು ಅದಕ್ಕೆ ಹೆದರುವುದೆಂದರೆ ನಾಚಿಕೆಗೇಡು ಎಂದೆಲ್ಲ. ನಿಜ ಹೇಳಬೇಕೆಂದರೆ ನಾನು ಹಾವಿನ ಚಿತ್ರ ಕಂಡರೂ ಪುಟ ಮಗುಚಿಬಿಡುತ್ತೇನೆ. ಮೂಲೆಯಲ್ಲಿ ಕುಳಿತಿದ್ದ ಆಯಿ ಎಲ್ಲ ಕೇಳಿದಳು. ಮರುದಿನ ಮುಂಜಾನೆ ಬಾನಿ ಹೊತ್ತುಕೊಂಡು ಸಾಲೆಗೆ ಬಂದಳು.

“ಮಗಳ ಬಾಣಂತನಕ್ಕ ಹಿರೇಕೆರೂರಿಗೆ ಹೊಂಟೇನಿ. ಒಂದೂವರೆ ತಿಂಗಳ ಆಕ್ಕತಿ. ಊರಾಗ ಇಕಿನ್ನ ಮುಟ್ಟಾಕ ಎಲ್ಲಾರೂ ಹೆದರ್ತಾರ. ನೀವು ಹೆದರಂಗಿಲ್ಲಂದ್ರಲ್ಲ.”

ಹುಡುಗರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಬಾಯಿ ತನ್ನಷ್ಟಕ್ಕೆ ತಾನೇ “ಇಟ್ಟು ಹೋಗ್ರಿ” ಎಂದಿತು.

ಆಕೆ ನನಗೆ ಎರಡು ಮಾತು ಹೇಳಿದಳು. ಇವೆರಡನ್ನು ಓದುವವರು ನೆನಪಿನಲ್ಲಿಡಬೇಕು, ಏಕೆಂದರೆ ನಾನು ಇಡಲಿಲ್ಲ. “ಇಲಿ ಹಾವಿನ ನಡುವಿಗಿಂತ ದಪ್ಪ ಇರಬಾರ್ದು. ಇದು ಒಂದು. ಇನ್ನೊಂದು, ಇಲಿ ಬಿಟ್ಟು ಎದ್ದು ಹೋಗಬ್ಯಾಡ್ರಿ. ಉಣ್ಣೂತನಕ ಅಲ್ಲೇ ಕುಂತು ನೋಡ್ರಿ. ಉಣ್ಣಲಿಲ್ಲಂದ್ರ ಇಲಿ ತಗದುಬಿಡ್ರಿ.” ಮೊದಲನೆಯದರಲ್ಲಿ ಅಳತೆಯಿತ್ತು, ನನ್ನ ಮನಸ್ಸಿಗೆ ಬಂತು, ವಹಿಯಲ್ಲಿ ಬರೆದುಕೊಂಡೆ. ಎರಡನೆಯದರಲ್ಲಿ ಬರೀ ಕುಳಿತುಕೊಳ್ಳುವ ಕೆಲಸವಿತ್ತು, ಅದೂ ಹಾವಿನ ಎದುರಿಗೆ.

ನಮ್ಮದು ದಿನವೂ ಲಿಂಗಪೂಜೆ ನಡೆಯುವ ಮನೆ. ನಮ್ಮ ಅವ್ವ ಬೋನಿಗೆ ಬಿದ್ದ ಇಲಿಯನ್ನು ಕೊಲ್ಲುತ್ತಿರಲಿಲ್ಲ, ಬೋನಿನ ಸಮೇತ ಒಯ್ದು ಬೇರೆಯವರ ಓಣಿಯಲ್ಲಿ ಬಿಟ್ಟು ಬರುತ್ತಿದ್ದಳು. ನಾನು ಬೋನು ಕೇಳಿದಾಗ ಆಕೆ ಕೂತಲ್ಲಿಂದ ಎದ್ದಳು. “ಪೂಜಿ ಮಾಡು ಕೈಲೆ ಜೀವ ತಗೀತಿ ಏನೋ?”

“ನಾ ಎಲ್ಲಿ ತಗೀತೇನಿ, ಅವ್ವ. ಇಬ್ಬರಿಗೂ ಭೆಟ್ಟಿ ಮಾಡಸ್ತೇನಿ, ಅಷ್ಟ. ಮುಂದಿಂದು ಅವರವರ ಹಣೇಬರಾ.”

ಹೀಗೆ ಭೆಟ್ಟಿ ಮಾಡಿಸುವ ಕೆಲಸ ಶುರುವಾಯಿತು. ಬಾನಿಯನ್ನು ಸಾಲೆಯ ನಕಾಶೆಗಳನ್ನಿಡುವ ಸಣ್ಣ ಕೋಣೆಯಲ್ಲಿಟ್ಟೆ. ಭೂಮಿತಿಯ ಪೆಟ್ಟಿಗೆಯಿಂದ ಕೈವಾರ ತೆಗೆದು, ತೋಳು ಎಷ್ಟು ಉದ್ದವಾಗುತ್ತದೋ ಅಷ್ಟು ಉದ್ದ ಮಾಡಿ, ಮುಖ ಹಿಂದಕ್ಕೆ ತಿರುಗಿಸಿಕೊಂಡು ಹಾವಿನ ನಡುವಿನ ದಪ್ಪ ಅಳೆದೆ. ಒಂದೂ ಕಾಲು ಇಂಚು. ಅದಕ್ಕೆ ತಕ್ಕ ಇಲಿಯನ್ನು ಹಾಕಿ, ಬುಟ್ಟಿ ಮುಚ್ಚಿ, ಕಲ್ಲಿಟ್ಟು ಓಡಿದೆ. ಮರುದಿನ ಇಲಿ ಇರಲಿಲ್ಲ. ವಹಿಯಲ್ಲಿ “ಸೇವಿಸಿತು” ಎಂದು ಬರೆದೆ.

ಎರಡನೆಯ ಸಲ ನಡು ಒಂದೂವರೆಗೆ ಸ್ವಲ್ಪ ಕಡಿಮೆ. ಮೂರನೆಯ ಸಲ ಒಂದೂವರೆ ದಾಟಿತ್ತು. ನನಗೆ ಹಿಗ್ಗೇ ಹಿಗ್ಗು. ಮುದುಕಿ ಇದನ್ನು ಅರೆಹೊಟ್ಟೆಯಲ್ಲಿಟ್ಟಿದ್ದಳು, ನನ್ನ ಕೈಗೆ ಬಂದ ಮೇಲೆ ಮೈ ಹಿಡಿಯಿತು ಎಂದುಕೊಂಡೆ. ಬೀಗರನ್ನು ಉಪಚರಿಸುವ ನಮ್ಮ ಮನೆತನದ ಹೆಮ್ಮೆ ಹಾವಿನವರೆಗೆ ಹೋಗಿ ಮುಟ್ಟಿತು. ಪ್ರತಿ ಸಲ ನಡು ಹೆಚ್ಚಿದಷ್ಟು ಇಲಿಯನ್ನೂ ಹೆಚ್ಚಿಸಿದೆ. ಮೂರನೆಯ ಇಲಿಯನ್ನು ಹಾವು ಎರಡು ದಿನ ತಡೆದು ಉಂಡಿತೆಂಬುದನ್ನೂ ಬರೆದಿಟ್ಟೆ, ಆದರೆ ಅದರ ಅರ್ಥವೇನೆಂದು ಯೋಚಿಸಲಿಲ್ಲ. ನಾಲ್ಕನೆಯ ಸಲ ಕೈವಾರ ಎರಡು ಇಂಚಿನ ಹತ್ತಿರ ತೋರಿಸಿತು. ಅಂಥ ಇಲಿ ನಮ್ಮ ಮನೆಯಲ್ಲಿ ಹುಟ್ಟುವಂತಿರಲಿಲ್ಲ. ಶೆಟ್ಟರ ಶೇಂಗಾ ಕೋಣೆಯಲ್ಲಿ ಬೋನು ಇಡಿಸಿ, ಶೇಂಗಾ ತಿಂದು ಕೊಬ್ಬಿದ ಒಂದು ಇಲಿಯನ್ನು ಹಿಡಿಸಿದೆ. ಅಳೆದೆ. ಸರಿಯಾಗಿ ಹಾವಿನ ನಡುವಿನಷ್ಟೇ ಇತ್ತು, ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ. ಶನಿವಾರ ಮಧ್ಯಾಹ್ನ ಸಾಲೆ ಬಿಟ್ಟ ಮೇಲೆ ಅದನ್ನು ಬಾನಿಗೆ ಹಾಕಿ, ಕಲ್ಲಿಟ್ಟು, ವೀಳ್ಯದೆಲೆ ತರಲು ಸವಣೂರಿಗೆ ಹೋದೆ.

ರವಿವಾರ ಮುಂಜಾನೆ ಬುಟ್ಟಿ ತೆಗೆದಾಗ ಇಲಿ ಬದುಕಿತ್ತು. ಹಾವಿನ ಮೇಲೆ ಕುಳಿತಿತ್ತು. ಹಾವು ತಲೆಯನ್ನು ಮೈಯ ಸುರುಳಿಯೊಳಗೆ ಹುದುಗಿಸಿ, ಮೊಂಡ ಬಾಲವನ್ನು ಮುಂದೆ ಮಾಡಿ ಸುಮ್ಮನೆ ಬಿದ್ದಿತ್ತು. ಬಾಲದ ಹತ್ತಿರ ಎರಡು ಕಡೆ, ಬೆನ್ನ ಮೇಲೆ ಒಂದು ಕಡೆ ಇಲಿ ಕಡಿದು ಮಾಂಸ ಕಾಣುತ್ತಿತ್ತು. ನಾನು ಕೂಗಿಕೊಂಡೆ. ಇಲಿ ನನ್ನ ತೋಳಿನ ಮೇಲಿಂದ ಹಾರಿ ಹಿಂದೂಸ್ತಾನದ ನಕಾಶೆಯ ಹಿಂದೆ ಹೋಯಿತು. ಹಾವಿಗೆ ಹೆದರಿ ಬದುಕಿದವನು ಆವತ್ತು ಮೊದಲ ಸಲ ಹಾವನ್ನು ಬರಿಗೈಯಲ್ಲಿ ಎತ್ತಿಕೊಂಡೆ. ಅದು ನನಗೆ ಏನೂ ಮಾಡಲಿಲ್ಲ. ನನಗೆ ಅಳು ಬಂತು. ಹುಡುಗನೊಬ್ಬ ಸಾಲೆಯಲ್ಲೇ ಬಿಟ್ಟುಹೋಗಿದ್ದ ಪುಸ್ತಕದೊಳಗಿನ ನವಿಲುಗರಿ ತೆಗೆದು, ಅದರಿಂದ ಎಣ್ಣೆ-ಅರಿಸಿನ ಹಚ್ಚಿದೆ.

ನನ್ನ ಹೆಂಡತಿಗೆ ಆಗ ಏಳು ತಿಂಗಳು. ಆಕೆಗೆ ತವರಿನಲ್ಲಿ ತಾಯಿ ಇರಲಿಲ್ಲವಾಗಿ ಚೊಚ್ಚಲ ಬಾಣಂತನ ನಮ್ಮ ಮನೆಯಲ್ಲೇ ಆಗುವುದಿತ್ತು. ಬಸುರಿಯ ಗಂಡ ಹಾವಿಗೆ ನೋವು ಮಾಡಬಾರದೆಂದು ಅವ್ವ ದೇವರ ಮುಂದೆ ಕುಳಿತುಬಿಟ್ಟಳು. ಅಂಥದ್ದೆಲ್ಲ ಮೂಢನಂಬಿಕೆ ಎಂದು ಚಾವಡಿಯಲ್ಲಿ ಹೇಳಿದವನು ನಾನೇ. ಆ ರವಿವಾರ ನಾನೂ ಅವ್ವನ ಪಕ್ಕದಲ್ಲಿ ಹೋಗಿ ಕುಳಿತೆ.

ಹತ್ತು ದಿನಕ್ಕೆ ಆಯಿ ಬಂದಳು. ಬುಟ್ಟಿ ತೆಗೆದು ಗಾಯ ನೋಡಿದಳು, ನನ್ನನ್ನು ನೋಡಿದಳು. ನಾನು ವಹಿ ತೆಗೆದು ಮೊದಲಿನಿಂದ ಓದಿದೆ. ಅಳತೆ ತಪ್ಪಿಲ್ಲ, ಇಲಿ ನಡುವಿಗಿಂತ ದಪ್ಪ ಇರಲಿಲ್ಲ, ಅಷ್ಟೇ ಇತ್ತು ಎಂದು ವಾದ ಮಾಡಿದೆ. ಓದು ಮುಗಿಯುವ ಮೊದಲೇ ಆಕೆಯ ಬೆರಳಿನ ಬಳೆ ಹಾವಿನ ನಡುವಿನ ಮೇಲೆ ನಿಂತುಬಿಟ್ಟಿತ್ತು. ಬಳೆ ಬಿಡಿಸಿ ಅಂಗೈಯನ್ನು ಅದರ ಹೊಟ್ಟೆಯ ಮೇಲೆ ಇಟ್ಟಳು.

“ಮಾಸ್ತರ, ಇಕಿ ಬಸರಿ ಅದಾಳ.”

“ಹಾವು ತತ್ತಿ ಇಡ್ತಾವು, ಆಯಿ. ಮರಿ ಹಾಕಂಗಿಲ್ಲ. ಪುಸ್ತಕದಾಗ ಬರದಾರ.”

“ಪುಸ್ತಕ ಬರದಾವ್ರು ಇಕಿ ಹೊಟ್ಟಿ ಮ್ಯಾಲೆ ಕೈ ಇಟ್ಟಾರೇನ್ರಿ?”

ಆಮೇಲೆ ಹಣೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. “ಹಂಗಾರ ಬ್ಯಾಸಿಗ್ಯಾಗ ಇಕಿ ಹೋಗಿದ್ದು ತವರಮನಿಗಲ್ಲ. ಊರ ಮಂದಿ ನಡಗಿ ನೋಡಿ ತಿಂಗಳ ಹೇಳ್ತೇನಿ. ನನ್ನ ಬಾನ್ಯಾಗಿನ ಹೊಟ್ಟಿ ನನಗ ತಿಳೀಲಿಲ್ಲ.” ಬಸುರಾದ ಹಾವು ಉಣ್ಣಲೊಲ್ಲದು, ನಡು ಬೆಳೆದದ್ದು ಮರಿಯಿಂದ, ನನ್ನ ಉಪಚಾರದಿಂದಲ್ಲ. ನಾನು ಹಿಗ್ಗಿ ಹಿಗ್ಗಿ ಅಳೆದದ್ದು ಆ ಮರಿಗಳನ್ನು. ನನ್ನ ವಹಿಯನ್ನು ಆಕೆ ಬೈಯಲಿಲ್ಲ. “ಕುಂತು ನೋಡಿದ್ರೇನ್ರಿ?” ಎಂದು ಒಂದೇ ಮಾತು ಕೇಳಿದಳು. ಇಲ್ಲ ಎಂದೆ. ಆಕೆ ಬಾನಿ ಎತ್ತಿಕೊಂಡಳು.

ಹದಿನೈದು ದಿನದ ಮೇಲೆ ಹಾವು ಏಳು ಮರಿ ಹಾಕಿತು. ತತ್ತಿಯಲ್ಲ, ಮರಿಯೇ. ಒಂದು ಹುಟ್ಟುತ್ತಲೇ ಸತ್ತಿತ್ತು. ಆಯಿಯ ಅಂಗಳದಲ್ಲಿ ಊರೇ ನೆರೆದು ನೋಡಿತು. ಗೌಡರು ತಾಯಿಹಾವಿನ ಮೈಮೇಲಿನ ಕಲೆಗಳನ್ನು ನೋಡಿ, “ಇದೇನು, ಆಯಿ? ಮಾಸ್ತರ ಕಡೆ ಕೊಟ್ಟು ಹೋಗಿದ್ದಿಯಲ್ಲ?” ಎಂದು ಕೇಳಿದರು. ನನ್ನ ಸಾಲೆಯ ಹುಡುಗರೆಲ್ಲ ಅಲ್ಲೇ ಇದ್ದರು.

“ತಪ್ಪು ನಂದರಿ, ಗೌಡ್ರ,” ಎಂದಳು ಆಯಿ. “ಇಲಿ ಬಿಟ್ಟು ಎದ್ದು ಹೋಗಬಾರ್ದು ಅನ್ನೂದು ಮಾಸ್ತರಿಗೆ ಹೇಳೂದು ಮರತಬಿಟ್ಟೆ. ಅವರು ಹೇಳಿದಷ್ಟು ಮಾಡ್ಯಾರ.”

ನಾನು ಆಗ ಏನು ಮಾಡಿದೆನೆಂದು ಕೇಳುತ್ತೀರಿ. ಆಯಿಯ ಮನೆಯ ಕಂಬದ ಮೇಲಿನ ಕೆತ್ತನೆಯನ್ನು ನೋಡುತ್ತ ನಿಂತೆ. ಸಾದಾ ಕಂಬ, ಕೆತ್ತನೆ ಎಂಬುದು ಅದರ ಮೇಲಿರಲಿಲ್ಲ.

ಆಯಿ ಮರಿಗಳನ್ನೂ ತಾಯಿಯನ್ನೂ ಎರೆ ಹೊಲದ ಬದುವಿನಲ್ಲಿ ಬಿಟ್ಟು ಬಂದಳು. ಆದರೆ ಆಕೆ ಆಡಿದ ಆ ಒಂದು ಮಾತು ಊರಲ್ಲೇ ಉಳಿಯಿತು. ಆಯಿಗೆ ವಯಸ್ಸಾಯಿತು, ಹೇಳುವುದನ್ನು ಮರೆಯುತ್ತಾಳೆ, ಕೈಗೆ ಹೊಟ್ಟೆ ತಿಳಿಯುವುದಿಲ್ಲ ಎಂದರು. ಸೂಲಗಿತ್ತಿ ಮರೆಯುತ್ತಾಳೆಂದರೆ ಬಸುರಿಯಿದ್ದ ಮನೆಯವರು ಹೆದರದೆ ಇರುತ್ತಾರೆಯೇ? ಮೊದಲು ಒಂದು ಮನೆಯವರು ಸವಣೂರಿನಿಂದ ಬೇರೊಬ್ಬ ಸೂಲಗಿತ್ತಿಯನ್ನು ಕರೆಸಿದರು, ಆಮೇಲೆ ಇನ್ನೊಂದು ಮನೆಯವರು. ಆಯಿ ತನ್ನ ಕಟ್ಟೆಯ ಮೇಲೆ ಕುಳಿತು ಆ ಗಾಡಿ ಹಾದುಹೋಗುವುದನ್ನು ನೋಡುತ್ತಿದ್ದಳು.

ಕಡೆಗೆ ನಮ್ಮ ಅವ್ವನೂ ಅದೇ ಮಾತು ತೆಗೆದಳು. “ಮರೀತಾಳಂತ. ನಾವೂ ಸವಣೂರಿನಾಕಿನ್ನ ಕರಸೂಣು.” ಆಗ ನಾನು ಅವ್ವನಿಗೆ ನಡೆದದ್ದನ್ನೆಲ್ಲ ಹೇಳಿದೆ. ನಾಲ್ಕು ಗೋಡೆಯ ಒಳಗೆ ನಿಜ ಹೇಳಲು ದೊಡ್ಡ ಧೈರ್ಯವೇನೂ ಬೇಕಾಗುವುದಿಲ್ಲ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಮತ್ತ ಅವತ್ತು ಮಂದ್ಯಾಗ ಯಾಕ ಬಾಯಿ ಮುಚ್ಚಿಕೊಂಡು ನಿಂತಿದ್ದಿ? ಇದನ್ನ ನನಗ ಹೇಳಿದ್ರ ಏನ ಬಂತು? ಊರಿಗೆ ಹೇಳು,” ಎಂದಳು.

ನಾನು ಊರಿಗೆ ಹೇಳಲಿಲ್ಲ. ಆಯಿಯ ಹತ್ತಿರ ಹೋದೆ. ಚಾವಡಿಯಲ್ಲಿ ಎಲ್ಲರ ಮುಂದೆ ನಿಜ ಹೇಳುತ್ತೇನೆ ಎಂದೆ.

“ಬ್ಯಾಡ್ರಿ,” ಎಂದಳು. “ನಾಕು ಮನಿ ಹೋದ್ರ ಇನ್ನ ನಾಕು ಮನಿ ಅದಾವ ನನಗ. ನಿಮ್ಮ ಮಾತು ಹುಡುಗ್ರು ನಂಬದಂಗ ಆತಂದ್ರ ಸಾಲಿ ಹೆಂಗ ನಡಸ್ತೀರಿ? ನೀವಿನ್ನಾ ಸಣ್ಣಾವ್ರು. ಅಷ್ಟು ನಿಮಗ ತಡಕೊಳ್ಳಾಕ ಆಗಂಗಿಲ್ಲ.”

ನನ್ನ ಹೆಂಡತಿಯ ಬಾಣಂತನವನ್ನು ಆಕೆಯೇ ಮಾಡಿದಳು. ಹೆಣ್ಣುಕೂಸು. ಹೊರಗೆ ಬಂದು ಕೈ ತೊಳೆದುಕೊಳ್ಳುತ್ತ, “ಇಬ್ಬರೂ ಛಲೋ ಅದಾರ. ನೀವು ಮಾತ್ರ ಕೈವಾರ ತಗೊಂಡು ಒಳಗ ಬರಬ್ಯಾಡ್ರಿ,” ಎಂದಳು. ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಅದು ಆಯಿ ನನಗೆ ಕೊಟ್ಟ ಒಂದೇ ಶಿಕ್ಷೆ.

ಮುಂದೆ ನನಗೆ ಶಿಗ್ಗಾಂವಿಗೆ, ಆಮೇಲೆ ಇಲ್ಲಿಗೆ ವರ್ಗವಾಯಿತು. ಆಕೆ ಬೇಡವೆಂದಳು, ಅದಕ್ಕೇ ಸುಮ್ಮನಾದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳು. ಆಕೆ ಬೇಡವೆನ್ನಲೆಂದೇ ಅಂದು ಆಕೆಯ ಮನೆಗೆ ಹೋಗಿದ್ದೆ. ಮೊದಲೇ ಚಾವಡಿಗೆ ಹೋಗಿದ್ದರೆ ಹೇಳಬೇಕಾಗುತ್ತಿತ್ತು.

ಈಗ ಬೇಡವೆನ್ನಲು ಆಕೆ ಇಲ್ಲ. ಹತ್ತಿಮತ್ತೂರಿನವರು ಯಾರಾದರೂ ಇದನ್ನು ಓದಿದರೆ ಓದು ಬಾರದವರಿಗೂ ಓದಿ ಹೇಳಬೇಕು. ಆಯಿ ಏನನ್ನೂ ಮರೆತಿರಲಿಲ್ಲ. ಎರಡೂ ಮಾತನ್ನು ನನಗೆ ಬಿಡಿಸಿ ಹೇಳಿದ್ದಳು. ನಾನು ಹೆದರಿ ಎದ್ದು ಹೋದೆ.